‘ಹ್ಞೂಂ’ ಅನ್ನುವ ಮೊದಲು



ಹುಡುಗನನ್ನು ಅಂಗಡಿಗೆ ಕಳಿಸುವಾಗ ನಾವು ಏನು ಮಾಡುತ್ತೇವೆ? ಕೈಯಲ್ಲಿ ಚೀಲ, ರೊಕ್ಕ ಕೊಟ್ಟು, “ಕಾಲು ಕಿಲೋ ಪುಠಾಣಿ, ಅರ್ಧಾ ಕಿಲೋ ಬೆಲ್ಲ, ಹತ್ತು ರೂಪಾಯಿದು ಯಾಲಕ್ಕಿ” ಅಂತ ಹೇಳುತ್ತೇವೆ. ಅವನ ಲಕ್ಷ್ಯವೆಲ್ಲ ಆಟದ ಕಡೆಗೆ. “ಹ್ಞೂಂ ಹ್ಞೂಂ” ಅಂತ ಓಡಲಿಕ್ಕೆ ನೋಡುತ್ತಾನೆ. ನಾವು ಬಿಡುತ್ತೇವೆಯೆ? “ನಿಂದರು. ಏನೇನ ತರಬೇಕು ಒಂದ್ಸಲ ಹೇಳು ನೋಡೂನು” ಅಂತ ತಡೆದು ಕೇಳುತ್ತೇವೆ. ಆಗ ಗೊತ್ತಾಗುತ್ತದೆ, ಬೆಲ್ಲ ನೆನಪಿದೆ, ಪುಠಾಣಿ ಮರೆತಿದೆ, ಯಾಲಕ್ಕಿ ಹೋಗಿ ಲವಂಗ ಆಗಿದೆ ಅಂತ.

ಹತ್ತು ರೂಪಾಯಿ ಯಾಲಕ್ಕಿಗೆ ಇಷ್ಟು ಎಚ್ಚರ ಇರುವ ನಾವು, ದವಾಖಾನೆಯ ಮೆಟ್ಟಿಲು ಹತ್ತಿದ ಕೂಡಲೆ ಆ ಹುಡುಗನಂತೆಯೇ ಆಗಿಬಿಡುತ್ತೇವೆ. ಡಾಕ್ಟರು ಏನೋ ಹೇಳುತ್ತಾರೆ, ನಾವು “ಹ್ಞೂಂರಿ” ಅನ್ನುತ್ತೇವೆ. ಸಿಸ್ಟರ್ ಏನೋ ಕೇಳುತ್ತಾಳೆ, “ಹ್ಞೂಂರಿ”. ಅವರು ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು, “ಏನಂದ್ರು?” ಅಂತ ಪಿಸುಗುಡುತ್ತೇವೆ.

ಅಥಣಿ ಕಡೆಯ ಸೋದರಿಯೊಬ್ಬರು ಹೋದ ತಿಂಗಳು ಶೇಂಗಾ ಹೋಳಿಗೆಯ ವಿಚಾರವಾಗಿ ಪತ್ರ ಬರೆದಿದ್ದರು. ಹೋಳಿಗೆಯ ಮಾತೆಲ್ಲ ಮುಗಿದ ಮೇಲೆ, ಪತ್ರದ ಕೊನೆಗೆ ಒಂದು ಸಾಲು ಇತ್ತು: “ಅಕ್ಕಾ, ನಮ್ಮ ಮನಿಯವರ ಜೋಡಿ ಹತ್ತ ದಿವಸ ದವಾಖಾನ್ಯಾಗ ಇದ್ದು ಬಂದೆ. ಅವರಿಗೆ ಏನಾಗಿತ್ತು ಅನ್ನೂದು ನನಗ ಇನ್ನೂ ಗೊತ್ತಿಲ್ಲ.” ಹೋಳಿಗೆಯ ಉತ್ತರ ಅಂದೇ ಬರೆದು ಹಾಕಿದೆ. ಈ ಸಾಲಿಗೆ ಮಾತ್ರ ಉತ್ತರ ಬರೆಯಲು ಕೈ ಏಳಲಿಲ್ಲ. ಯಾಕೆಂದರೆ ನಾನೂ ಅದೇ ತಪ್ಪು ಮಾಡಿದವಳು. ಇವತ್ತು ಅದನ್ನೇ ಹೇಳುತ್ತೇನೆ.

ಬರೇ ಒಂದು ಕಪ್ಪು ಚಾ

ನಮ್ಮ ಅತ್ತೆಯವರಿಗೆ ಪಿತ್ತಕೋಶದಲ್ಲಿ ಹರಳು ಆಗಿತ್ತು. ಹೊಟ್ಟೆ ಕೊಯ್ದೇ ತೆಗೆಯಬೇಕು ಅಂದರು. ಕರೋಶಿಯಿಂದ ಚಿಕ್ಕೋಡಿ, ಚಿಕ್ಕೋಡಿಯಿಂದ ಮುಂದೆ ಒಂದು ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದೆವು. ಯಾವ ದವಾಖಾನೆ ಅನ್ನುವುದು ಇಲ್ಲಿ ಬೇಡ, ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆಪರೇಶನ್ನಿನ ಹಿಂದಿನ ರಾತ್ರಿ ಸಿಸ್ಟರ್ ಬಂದು, “ರಾತ್ರಿ ಹತ್ತರ ಮೇಲೆ ಏನೂ ತಿನ್ನಬಾರದು” ಅಂದಳು. ನಾನು “ಹ್ಞೂಂರಿ” ಅಂದೆ. ಮಂಚದ ಕಾಲ ಕಡೆಗೆ ಇಂಗ್ಲಿಷಿನಲ್ಲಿ ಮೂರು ಅಕ್ಷರ ಬರೆದ ಒಂದು ಚೀಟಿ ತೂಗುಹಾಕಿ ಹೋದಳು: ಎನ್, ಬಿ, ಎಂ. ಬಾಯಿಂದ ಏನನ್ನೂ ಕೊಡಬಾರದು ಅನ್ನುವುದಕ್ಕೆ ಅದು ಅವರ ಗುರುತು ಅಂತೆ. ನನಗೆ ಗೊತ್ತಿರಲಿಲ್ಲ. ಮಂಚದ ನಂಬರ ಇದ್ದೀತು ಅಂದುಕೊಂಡೆ.

ಬೆಳಿಗ್ಗೆ ಐದಕ್ಕೆ ಅತ್ತೆಯವರು ಎದ್ದು ಕೂತರು. “ಯವ್ವಾ, ಬಾಯಿ ಒಣಗೇತಿ. ಒಂದ್ ಗುಟುಕ ಚಾ ಕೊಡವಾ” ಅಂದರು. ನಮ್ಮ ಕಡೆ ಚಾ ಅಂದರೆ ತಿನ್ನುವುದೂ ಅಲ್ಲ, ಉಣ್ಣುವುದೂ ಅಲ್ಲ. ಉಪವಾಸದ ದಿನವೂ ಚಾ ನಡೆಯುತ್ತದೆ. ಸಿಸ್ಟರ್ ‘ತಿನ್ನಬಾರದು’ ಅಂದಿದ್ದಾಳೆ, ‘ಕುಡಿಯಬಾರದು’ ಅಂದಿಲ್ಲವಲ್ಲ! ಕ್ಯಾಂಟೀನಿಗೆ ಹೋಗಿ ಹಾಲು ಹಾಕಿದ ಚಾ ತಂದುಕೊಟ್ಟೆ. ಮುದುಕಿ ಬಶಿಯಲ್ಲಿ ಹಾಕಿಕೊಂಡು ಸಮಾಧಾನದಿಂದ ಕುಡಿದರು.

ಎಂಟು ಗಂಟೆಗೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಕೇಳಿದರು, “ಬೆಳಿಗ್ಗೆಯಿಂದ ಹೊಟ್ಟೆಗೆ ಏನಾದರೂ ಹೋಗಿದೆಯಾ?” ಆ ದನಿ ಕೇಳಿಯೇ ನನಗೆ ಎದೆ ಝಲ್ಲೆಂದಿತು. ಏನೋ ತಪ್ಪಾಗಿದೆ ಅನ್ನಿಸಿತು. ಆದರೂ ಬೈಗುಳಕ್ಕೆ ಹೆದರಿ ಬಾಯಿ ಬಿಡಲಿಲ್ಲ. ತಂಗಿಯರೆ, ಸುಳ್ಳು ಬರೆಯುವುದಿಲ್ಲ, ನಾನು ಸುಮ್ಮನೆ ನಿಂತೆ. ಅತ್ತೆಯವರೇ, “ಏನಿಲ್ಲ ಬಿಡವಾ, ಬರೇ ಒಂದ್ ಕಪ್ಪ ಚಾ” ಅಂದರು.

ಡಾಕ್ಟರಮ್ಮ ಅಲ್ಲಿಯೇ ಕಾಗದ ಮಡಚಿದರು. ಅಂದಿನ ಆಪರೇಶನ್ ರದ್ದು. ಮತ್ತೆ ಸರದಿ ಬಂದದ್ದು ಎರಡು ದಿನ ಬಿಟ್ಟು. ಆಗ ಕಬ್ಬು ಕಟಾವಿನ ಸಮಯ, ನಮ್ಮ ಮನೆಯವರು ಹೊಲ ಬಿಟ್ಟು ಬಂದಿದ್ದರು. ಎರಡು ದಿನದ ಖರ್ಚು, ಎರಡು ದಿನದ ಓಡಾಟ, ಮೇಲೆ ಮನೆಯವರ ಸಿಡಿಮಿಡಿ. ಅದೆಲ್ಲ ಹಾಳಾಗಿ ಹೋಗಲಿ. ಡಾಕ್ಟರಮ್ಮ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ಮಾತು ನನಗೆ ಇವತ್ತಿಗೂ ರಾತ್ರಿ ನೆನಪಾಗುತ್ತದೆ. ಅರಿವಳಿಕೆ ಕೊಟ್ಟಾಗ ಕೆಮ್ಮುವ, ನುಂಗುವ ಎಚ್ಚರವೂ ಮಲಗಿಬಿಡುತ್ತದೆ. ಹೊಟ್ಟೆಯಲ್ಲಿ ಇದ್ದದ್ದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಹಾಲು ಹಾಕಿದ ಚಾಕ್ಕೆ ಅವರು ಊಟದ ಲೆಕ್ಕವನ್ನೇ ಹಿಡಿಯುತ್ತಾರೆ. ಹಗುರ ಊಟಕ್ಕೂ ಹಾಲಿಗೂ ಸಾಮಾನ್ಯವಾಗಿ 6 ತಾಸು, ಬರೀ ನೀರಿಗೆ 2 ತಾಸು ಬಿಡುವು ಬೇಕಂತೆ. ಜಿಡ್ಡಿನ ಊಟವಾದರೆ ಇನ್ನೂ ಹೆಚ್ಚು. ಇದು ಸಾಮಾನ್ಯ ಲೆಕ್ಕ. ನಿಮ್ಮ ರೋಗಿಗೆ ಡಾಕ್ಟರು ಎಷ್ಟು ಹೇಳುತ್ತಾರೋ ಅಷ್ಟೇ ನಿಮ್ಮ ನಿಯಮ.

ಅತ್ತೆಯವರೂ ನನ್ನ ಹಾಗೆ ಹೆದರಿ ‘ಏನೂ ಇಲ್ಲ’ ಅಂದಿದ್ದರೆ? ಅಂದು ಅವರನ್ನು ಉಳಿಸಿದ್ದು ಅವರ ಬಾಯಿ. ನನ್ನ ಓದು ಏನೂ ಉಪಯೋಗಕ್ಕೆ ಬರಲಿಲ್ಲ.

ಈ ‘ತಿನ್ನು’ ಅನ್ನುವ ಶಬ್ದ ನಮಗೆ ಇನ್ನೊಮ್ಮೆ ಕೈಕೊಟ್ಟಿತು. “ತಂಬಾಕು ತಿಂತೀರಾ ಅಜ್ಜಿ?” ಅಂತ ಕೇಳಿದ್ದಕ್ಕೆ ಅತ್ತೆಯವರು “ಇಲ್ರಿ” ಅಂದಿದ್ದರು. ಅದೂ ಖರೇನೇ. ತಿನ್ನುವುದಿಲ್ಲ, ಮಿಶ್ರಿ ಹಚ್ಚುತ್ತಾರೆ! ನಿಪ್ಪಾಣಿಯ ತಂಬಾಕಿನ ಸೀಮೆಯವರಾದ ನಮಗೆ ಮಿಶ್ರಿ ಅಂದರೆ ಹುರಿದು ಪುಡಿ ಮಾಡಿದ ತಂಬಾಕು ಅನ್ನುವುದು ಗೊತ್ತು. ಬೇರೆ ಊರಿನ ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಅರಿವಳಿಕೆ ಕೊಡುವವರಿಗೆ ತಂಬಾಕಿನ ವಿಷಯ ತಿಳಿದಿರಲೇಬೇಕು. ಆದ್ದರಿಂದ ಮಿಶ್ರಿ, ನಶ್ಯ, ಗುಟಖಾ, ನಾಟಿ ಔಷಧ, ಹಿಂದಿನ ಡಾಕ್ಟರು ಕೊಟ್ಟ ರಕ್ತ ತೆಳುವಾಗುವ ಗುಳಿಗೆ, ಇವೆಲ್ಲವನ್ನೂ ಅವರು ಕೇಳದಿದ್ದರೂ ನಾವೇ ಹೇಳಬೇಕು.

“ಗ್ಯಾಸ್ ಹೋಯ್ತಾ ಅಜ್ಜಿ?”

ಆಪರೇಶನ್ ಆಯಿತು. ಮಾರನೆಯ ದಿನ ಎಳೆಯ ವಯಸ್ಸಿನ ಡಾಕ್ಟರೊಬ್ಬರು ಬಂದು, “ಗ್ಯಾಸ್ ಹೋಯ್ತಾ ಅಜ್ಜಿ?” ಅಂತ ಕೇಳಿದರು. ಅತ್ತೆಯವರು, “ಹೋದ ವಾರಾನ ಮುಗದೈತ್ರಿ ಸಾಹೇಬ್ರ, ಇನ್ನೂ ಸಿಲಿಂಡರ ಬಂದಿಲ್ಲ” ಅಂದರು. ಇಡೀ ವಾರ್ಡು ನಕ್ಕಿತು. ಡಾಕ್ಟರೂ ನಕ್ಕರು. ನಗುವಿನಲ್ಲಿ ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು.

ಹೊಟ್ಟೆಯ ಆಪರೇಶನ್ ಆದ ಮೇಲೆ ಕರುಳು ಮತ್ತೆ ಕೆಲಸ ಸುರುಮಾಡಿತೋ ಇಲ್ಲವೋ ಅಂತ ತಿಳಿಯಲು ವಾಯು ಹೋಯಿತೇ ಅಂತ ಕೇಳುತ್ತಾರೆ. ಅದು ಹಾಸ್ಯದ ಪ್ರಶ್ನೆ ಅಲ್ಲ. ಹೆಣ್ಣುಮಕ್ಕಳು ನಾಚಿಕೆಯಿಂದ ಉತ್ತರ ಹೇಳುವುದಿಲ್ಲ, ಅದರಲ್ಲೂ ಸೊಸೆಯ ಎದುರಿಗೆ, ಪಕ್ಕದ ಮಂಚದ ಗಂಡಸರ ಎದುರಿಗೆ.

ನಮ್ಮ ವಾರ್ಡಿನ ಸಿಸ್ಟರ್ ಕೇರಳದ ಹುಡುಗಿ. ಕನ್ನಡ ಕಲಿತಿದ್ದಳು, ಆದರೆ ಅದು ಪುಸ್ತಕದ ಕನ್ನಡ. ಅವಳು “ಮೋಷನ್ ಆಯ್ತಾ?” ಅಂತ ಕೇಳಿದಳು. ಅತ್ತೆಯವರಿಗೆ ತಿಳಿಯಲಿಲ್ಲ, “ಹ್ಞೂಂ” ಅಂದುಬಿಟ್ಟರು. ಅವಳು ಆಯಿತು ಅಂತ ಬರೆದುಕೊಂಡಳು. ಮರುದಿನವೂ ಹಾಗೆಯೇ. ನಾಲ್ಕನೆಯ ದಿನ ಹೊಟ್ಟೆ ಉಬ್ಬಿ ಮುದುಕಿ ನರಳತೊಡಗಿದರು. “ಬೈಲಕಡಿಗೆ ಹೋಗಿ ನಾಕ ದಿನ ಆತವಾ” ಅಂತ ಸಿಸ್ಟರಿಗೆ ಹೇಳಿದರೆ ಅವಳು ಗಾಬರಿಯಾಗಿ, “ಬಯಲಿಗೆಲ್ಲ ಹೋಗಬಾರದು ಅಜ್ಜಿ, ಹೊಲಿಗೆ ಬಿಚ್ಚುತ್ತೆ, ಮಲಗಿ ಮಲಗಿ” ಅಂತ ಹಾಸಿಗೆಗೆ ಒತ್ತಿ ಮಲಗಿಸಿದಳು!

ಕೊನೆಗೆ ನಾನೇ ಅವಳನ್ನು ಕರೆದು ಬಿಡಿಸಿ ಹೇಳಿದೆ. ಪಾಪದ ಹುಡುಗಿ, ಕಣ್ಣಲ್ಲಿ ನೀರು ತಂದುಕೊಂಡಳು. ಕೂಡಲೆ ಡಾಕ್ಟರಿಗೆ ತಿಳಿಸಿ ಔಷಧ ಕೊಡಿಸಿದಳು. ಆಮೇಲೆ ತನ್ನ ಸಣ್ಣ ನೋಟ್ ಪುಸ್ತಕದಲ್ಲಿ ಮಲಯಾಳದ ಅಕ್ಷರದಲ್ಲಿ ‘ಬೈಲಕಡಿ’ ಅಂತ ಬರೆದುಕೊಂಡಳು. ನಾನು ಇನ್ನೂ ನಾಲ್ಕು ಶಬ್ದ ಬರೆಸಿದೆ: ‘ಹೊಟ್ಟಿ ಕಡಿತೈತಿ’ ಅಂದರೆ ನೋವು, ‘ಸಂಕಟ’ ಅಂದರೆ ವಾಂತಿ ಬಂದ ಹಾಗೆ, ‘ಜೀವ ಕಸಿವಿಸಿ’ ಅಂದರೆ ಹೇಳಲಾರದ ತಳಮಳ, ‘ಚಕ್ಕರ’ ಅಂದರೆ ತಲೆಸುತ್ತು.

ನಮ್ಮ ಸೀಮೆಯಲ್ಲಿ ಇದು ಹೊಸ ತೊಂದರೆ ಅಲ್ಲ. ನಮ್ಮ ಹಿರಿಯರು ದೊಡ್ಡ ಬೇನೆ ಬಂದರೆ ಮಿರಜಿಗೆ ಹೋಗುತ್ತಿದ್ದರು. ಅಲ್ಲಿ ಡಾ. ವಿಲಿಯಂ ವಾನ್ಲೆಸ್ ಎಂಬ ಮಿಶನರಿ ಡಾಕ್ಟರು 1894ರಲ್ಲಿ ಸುರುಮಾಡಿದ ದವಾಖಾನೆ ಇತ್ತು. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳಾದಾಗ ಬೆಳಗಾವಿ ಜಿಲ್ಲೆ ಈ ಕಡೆಗೆ ಬಂತು, ಮಿರಜು ಆ ಕಡೆಗೆ ಉಳಿಯಿತು. 1963ರಲ್ಲಿ ಬೆಳಗಾವಿಯಲ್ಲಿಯೇ ಕೆ.ಎಲ್.ಇ. ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಆಯಿತು. ಆದರೂ ನಮ್ಮ ಜನ ಇವತ್ತಿಗೂ ಎರಡೂ ಕಡೆ ಹೋಗುತ್ತಾರೆ. ಬೇನೆಗೆ ಗಡಿ ಗೊತ್ತಿಲ್ಲ. ಮರಾಠಿ ಮಾತಾಡುವ ಡಾಕ್ಟರು, ಮಲಯಾಳ ಮಾತಾಡುವ ಸಿಸ್ಟರು, ಬೆಂಗಳೂರ ಕಡೆಯ ಕನ್ನಡ ಮಾತಾಡುವ ಕಲಿಯುವ ಹುಡುಗರು, ನಡುವೆ ನಮ್ಮ ಅತ್ತೆಯವರಂಥ ಹೆಣ್ಣುಮಕ್ಕಳು. ಆದ್ದರಿಂದ ತಿಳಿಯದಿದ್ದಾಗ ‘ತಿಳೀಲಿಲ್ಲ’ ಅನ್ನುವುದರಲ್ಲಿ ನಾಚಿಕೆ ಏನೂ ಇಲ್ಲ.

ಹೆಸರು ಕೇಳಿದರೆ ಕೆಲಸ ಅರ್ಧ

ಕೇಟ್ ಗ್ರೇಂಜರ್ ಎಂಬ ಇಂಗ್ಲೆಂಡಿನ ಡಾಕ್ಟರೊಬ್ಬರಿಗೆ ಎಳೆಯ ವಯಸ್ಸಿನಲ್ಲಿಯೇ ಕ್ಯಾನ್ಸರ್ ಆಯಿತು. 2013ರಲ್ಲಿ ಅವರು ದವಾಖಾನೆಯಲ್ಲಿ ರೋಗಿಯಾಗಿ ಮಲಗಿದ್ದಾಗ ಒಂದು ಸಂಗತಿ ಅವರ ಮನಸ್ಸಿಗೆ ನಾಟಿತು. ಬಂದು ನೋಡುವವರು, ಸೂಜಿ ಚುಚ್ಚುವವರು, ಗಾಲಿಕುರ್ಚಿ ತಳ್ಳುವವರು, ಇವರಲ್ಲಿ ಬಹಳ ಮಂದಿ ತಮ್ಮ ಹೆಸರೇ ಹೇಳುತ್ತಿರಲಿಲ್ಲ. ಸ್ವತಃ ಡಾಕ್ಟರಾದ ತನಗೇ ಹೀಗನ್ನಿಸಿದರೆ ಉಳಿದವರ ಗತಿ ಏನು ಅಂತ ಯೋಚಿಸಿ, ದವಾಖಾನೆಯ ಪ್ರತಿಯೊಬ್ಬರೂ ರೋಗಿಯ ಹತ್ತಿರ ಬಂದಾಗ ಮೊದಲು ‘ನಮಸ್ಕಾರ, ನನ್ನ ಹೆಸರು ಇಂಥದ್ದು’ ಅನ್ನಬೇಕು ಅನ್ನುವ ಚಳವಳಿಯನ್ನು ಗಂಡನ ಜೊತೆಗೂಡಿ ಸುರುಮಾಡಿದರು. 2016ರಲ್ಲಿ ಅವರು ತೀರಿಕೊಂಡರು. ಅವರ ಆ ಒಂದು ಮಾತು ಮಾತ್ರ ಬೇರೆ ದೇಶಗಳ ದವಾಖಾನೆಗಳಿಗೂ ಹೋಗಿ ಮುಟ್ಟಿತು.

ನಮ್ಮಲ್ಲಿ ಅವರು ಹೇಳದಿದ್ದರೆ ನಾವೇ ಕೇಳೋಣ. “ನಿಮ್ಮ ಹೆಸರೇನ್ರಿ ಸಿಸ್ಟರ್? ಯಾವ ಊರ?” ಅಷ್ಟೇ ಸಾಕು. ನಮ್ಮ ಅತ್ತೆಯವರು ಆ ಕೇರಳದ ಹುಡುಗಿಯ ಹೆಸರು ಕೇಳಿದ ದಿನದಿಂದ ಅವಳು ಬರೇ ಸಿಸ್ಟರ್ ಆಗಿ ಉಳಿಯಲಿಲ್ಲ. ಸೂಜಿ ಚುಚ್ಚುವ ಮೊದಲು, “ಇದು ನೋವಿಗೆ ಅಜ್ಜಿ, ಇದು ಹುಣ್ಣು ಕೀವಾಗದ ಹಾಗೆ” ಅಂತ ಹೇಳಿಯೇ ಚುಚ್ಚುತ್ತಿದ್ದಳು.

ಹೆಸರು ಕೇಳುವುದು ಬರೇ ಪ್ರೀತಿಯ ಮಾತಲ್ಲ, ನಮ್ಮ ಹಕ್ಕು ಕೂಡ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೋಗಿಗಳ ಹಕ್ಕುಗಳ ಒಂದು ಸನದು ಸಿದ್ಧಮಾಡಿತು. ಅದನ್ನು ಜಾರಿಗೆ ತನ್ನಿರೆಂದು ಕೇಂದ್ರ ಆರೋಗ್ಯ ಖಾತೆ 2019ರಲ್ಲಿ ರಾಜ್ಯಗಳಿಗೆ ಬರೆಯಿತು. ಉಪಚಾರ ಮಾಡುವವರು ಯಾರು, ಅವರ ಹುದ್ದೆ ಏನು ಅಂತ ತಿಳಿಯುವುದು, ಬೇನೆಯ ವಿಷಯವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೇಳಿಕೊಳ್ಳುವುದು, ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವುದು, ಇವೆಲ್ಲ ಅದರಲ್ಲಿ ಇವೆ. ಗಂಡಸು ಡಾಕ್ಟರು ಪರೀಕ್ಷೆ ಮಾಡುವಾಗ ಇನ್ನೊಬ್ಬ ಹೆಂಗಸು ಹತ್ತಿರ ಇರಬೇಕು ಅಂತ ಕೇಳುವ ಹಕ್ಕೂ ಇದೆ. ಮನೆಯ ಹೆಣ್ಣುಮಕ್ಕಳಿಗೆ ಇದನ್ನು ತಪ್ಪದೆ ಹೇಳಿಡಿ.

ಸಹಿ ಹಾಕುವ ಮೊದಲು

ಆಪರೇಶನ್ನಿನ ಕಾಗದಕ್ಕೆ ನಮ್ಮ ಮನೆಯವರು ಸಹಿ ಹಾಕಿದರು. ಓದಲಿಲ್ಲ, ಇಂಗ್ಲಿಷಿನಲ್ಲಿತ್ತು. ಅತ್ತೆಯವರು ಮಲಗಿದಲ್ಲಿಂದಲೇ ನೋಡುತ್ತಿದ್ದರು. ಆಮೇಲೆ ನನ್ನ ಕಿವಿಯಲ್ಲಿ, “ಹೊಟ್ಟಿ ನಂದು, ಸಹಿ ಅವಂದ್ಯಾಕ?” ಅಂದರು. ನಾನು ನಕ್ಕೆ. ಆದರೆ ಅದು ನಗುವ ಪ್ರಶ್ನೆ ಅಲ್ಲ ಅಂತ ಆಮೇಲೆ ತಿಳಿಯಿತು.

ದೆಹಲಿಯಲ್ಲಿ 1995ರಲ್ಲಿ ನಡೆದದ್ದು ಕೇಳಿ. 44 ವರ್ಷದ, ಮದುವೆಯಾಗದ ಹೆಣ್ಣುಮಗಳೊಬ್ಬರು ಹೆಚ್ಚಿನ ರಕ್ತಸ್ರಾವ ಅಂತ ದವಾಖಾನೆಗೆ ಹೋದರು. ಒಳಗೆ ಏನಾಗಿದೆ ಅಂತ ದುರ್ಬೀನು ಹಾಕಿ ನೋಡುವ ಪರೀಕ್ಷೆಗೆ ಒಪ್ಪಿದ್ದರು. ಅವರಿಗೆ ಅರಿವಳಿಕೆ ಕೊಟ್ಟ ಮೇಲೆ, ಹೊರಗೆ ಕೂತಿದ್ದ ಅವರ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಬಿಟ್ಟರು. ಎಚ್ಚರವಾದಾಗ ಎಲ್ಲ ಮುಗಿದಿತ್ತು. ಅವರು ಬಿಡದೆ ಹೋರಾಡಿದರು. 2008ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಶನ್ನಿಗೆ ಒಪ್ಪಿಗೆ ಅಲ್ಲ. ಜೀವಕ್ಕೆ ಕೂಡಲೆ ಅಪಾಯ ಇಲ್ಲದಾಗ, ಬುದ್ಧಿ ತಿಳಿದ ವಯಸ್ಕ ಹೆಣ್ಣುಮಗಳ ಬದಲಿಗೆ ತಾಯಿ ಒಪ್ಪಿದರೂ ನಡೆಯುವುದಿಲ್ಲ ಅಂದಿತು.

ನಮ್ಮ ರಾಜ್ಯದಲ್ಲಿಯೂ ಇಂಥದ್ದು ಆಗಿದೆ. 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೀದಿಗೆ ಇಳಿದು ಕೇಳಿದರು. ಹೊಟ್ಟೆನೋವು, ಬಿಳಿಸೆರಗು ಅಂತ ಹೋದವರಿಗೆ ಕ್ಯಾನ್ಸರಿನ ಹೆದರಿಕೆ ಹಾಕಿ ಗರ್ಭಕೋಶ ತೆಗೆದಿದ್ದಾರೆ ಅನ್ನುವುದು ಅವರ ದೂರು. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಬೇಡದ ಗರ್ಭಕೋಶದ ಆಪರೇಶನ್ ತಡೆಯಲು ಕೇಂದ್ರ ಸರಕಾರ ಮಾಡಿದ ನಿಯಮಗಳನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ಎಲ್ಲ ಡಾಕ್ಟರೂ ಹಾಗೆ ಅಂತ ನಾನು ಖಂಡಿತ ಹೇಳುವುದಿಲ್ಲ. ನಮ್ಮ ಜೀವ ಉಳಿಸುವವರು ಅವರೇ. ಆದರೆ ತಿಳಿಯದೆ ಅಂದ ‘ಹ್ಞೂಂ’ ಎಷ್ಟು ದುಬಾರಿ ಆಗಬಹುದು ಅನ್ನುವುದಕ್ಕೆ ಈ ಮಾತು ಹೇಳಿದೆ. ಸಹಿ ಹಾಕುವ ಮೊದಲು ಐದು ಮಾತು ಕೇಳಿ: ಏನಾಗಿದೆ? ಏನು ಮಾಡುತ್ತೀರಿ? ಮಾಡದಿದ್ದರೆ ಏನಾಗುತ್ತದೆ? ಬೇರೆ ದಾರಿ ಇದೆಯೆ? ಖರ್ಚು ಎಷ್ಟು, ಎಷ್ಟು ದಿನ ಇರಬೇಕು? ಕಾಗದ ಇಂಗ್ಲಿಷಿನಲ್ಲಿದ್ದರೆ, “ಇದರಾಗ ಏನ ಬರದೈತಿ ಓದಿ ಹೇಳ್ರಿ” ಅನ್ನಿ. ರೋಗಿ ಎಚ್ಚರವಿದ್ದರೆ ಅವರ ಎದುರಿಗೇ ಓದಿಸಿ.

ತಿರುಗಿ ಹೇಳುವುದು

ನನ್ನ ತಂಗಿಯ ಮಗಳು ನರ್ಸಿಂಗ್ ಓದುತ್ತಾಳೆ. ಅತ್ತೆಯವರ ಚಾದ ಕಥೆ ಹೇಳಿದಾಗ ಅವಳು ಅಂದಳು, “ದೊಡ್ಡವ್ವಾ, ಇದಕ್ಕ ನಮ್ಮ ಪಾಠದಾಗ ಒಂದು ಪದ್ಧತಿನ ಐತಿ. ರೋಗಿಗೆ ತಿಳೀತಾ ಅಂತ ಕೇಳಬಾರದು, ಹ್ಞೂಂ ಅಂತಾರ. ನಾ ಹೇಳಿದ್ದು ನಿಮ್ಮ ಮಾತಿನಾಗ ಹೇಳ್ರಿ ಅನ್ನಬೇಕು.” ಟೀಚ್ ಬ್ಯಾಕ್ ಅಂತ ಅದಕ್ಕೆ ಹೆಸರಂತೆ. 2003ರಲ್ಲಿ ಇಂಗ್ಲೆಂಡಿನ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೇಖನದ ಪ್ರಕಾರ, ಡಾಕ್ಟರು ಹೇಳಿದ್ದರಲ್ಲಿ ನೂರಕ್ಕೆ 40ರಿಂದ 80 ಪಾಲು ರೋಗಿಗೆ ಕೂಡಲೆ ಮರೆತುಹೋಗುತ್ತದೆ. ನೆನಪಿದ್ದದ್ದರಲ್ಲಿಯೂ ಹತ್ತಿರ ಹತ್ತಿರ ಅರ್ಧದಷ್ಟು ತಪ್ಪಾಗಿಯೇ ನೆನಪಿರುತ್ತದೆ. ಓದಿದವರದ್ದೂ ಇದೇ ಕಥೆ. ಹೆದರಿದ ಮನಸ್ಸಿನಲ್ಲಿ ಮಾತು ನಿಲ್ಲುವುದಿಲ್ಲ.

ನೋಡಿದಿರಾ? ಅಂಗಡಿಗೆ ಹೋಗುವ ಹುಡುಗನಿಗೆ ನಾವು ಮಾಡುವುದೂ ಇದನ್ನೇ! ಸಿಸ್ಟರ್ ಕೇಳದಿದ್ದರೆ ನಾವೇ ಸುರುಮಾಡಬೇಕು: “ನಿಂದರ್ರಿ ಸಿಸ್ಟರ್, ನಾ ಒಂದ್ಸಲ ಹೇಳ್ತೀನಿ, ತಪ್ಪಿದ್ರ ತಿದ್ರಿ. ರಾತ್ರಿ ಹತ್ತರಮ್ಯಾಲೆ ಊಟಾ ಇಲ್ಲ, ಚಾ ಇಲ್ಲ. ನೀರು ಎಷ್ಟೊತ್ತಿನ ತನಕ ಕೊಡ್ಲಿ?” ಅರ್ಧ ನಿಮಿಷದ ಕೆಲಸ. ಆ ರಾತ್ರಿ ನಾನು ಇಷ್ಟು ಅಂದಿದ್ದರೆ ಎರಡು ದಿನ ಉಳಿಯುತ್ತಿತ್ತು.

ಮನೆಗೆ ಬರುವ ದಿನವಂತೂ ಇದು ಬೇಕೇ ಬೇಕು. ಆ ದಿನ ಎಲ್ಲರಿಗೂ ಊರಿನ ಬಸ್ಸಿನದೇ ಚಿಂತೆ. ಔಷಧದ ಚೀಟಿಯಲ್ಲಿ 1-0-1 ಅಂತ ಬರೆದಿತ್ತು. ನಮ್ಮ ಮೈದುನ ಅದನ್ನು “ನೂರಾ ಒಂದು ಗುಳಿಗಿ!” ಅಂತ ಓದಿದ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಅಂತ ಅದರ ಅರ್ಥ. ಮನೆಗೆ ಬಂದ ಮೊದಲ ಸೋಮವಾರ ಅತ್ತೆಯವರು ಗುಳಿಗೆಯನ್ನೇ ತೆಗೆದುಕೊಂಡಿರಲಿಲ್ಲ. ಯಾಕೆ ಅಂದರೆ, “ಊಟಾ ಆದಮ್ಯಾಲೆ ಅಂದಾರ. ಇವತ್ತ ಉಪಾಸ, ಊಟಾನ ಮಾಡಿಲ್ಲಲ್ಲ” ಅಂದರು. ಅವರ ತರ್ಕದಲ್ಲಿ ತಪ್ಪಿಲ್ಲ. ಉಪವಾಸದ ದಿನ ಏನು ಮಾಡಬೇಕು ಅಂತ ಬಿಡುಗಡೆಯ ದಿನ ನಾವು ಕೇಳಬೇಕಿತ್ತು.

ಅವರ ಕಷ್ಟವೂ ಇದೆ

ಬರೇ ದವಾಖಾನೆಯವರದೇ ತಪ್ಪು ಅಂದರೆ ನ್ಯಾಯವಲ್ಲ. ರಾತ್ರಿ ಪಾಳಿಯಲ್ಲಿ ಇಡೀ ವಾರ್ಡಿಗೆ ಒಬ್ಬಳು ಸಿಸ್ಟರ್ ಓಡಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾವೋ, ಒಬ್ಬ ರೋಗಿಗೆ ಎಂಟು ಜನ ಹೋಗುತ್ತೇವೆ. ಒಬ್ಬರು ಬಂದು “ಹೆಂಗದಾರ್ರಿ?” ಅಂತ ಕೇಳಿ ಹೋದರೆ, ಐದು ನಿಮಿಷಕ್ಕೆ ಇನ್ನೊಬ್ಬರು ಅದನ್ನೇ ಕೇಳುತ್ತಾರೆ. ಐದನೆಯವರಿಗೆ ಅವಳು ಸಿಟ್ಟಾಗಿ ಉತ್ತರ ಕೊಟ್ಟರೆ, “ಎಷ್ಟ ಸೊಕ್ಕ ನೋಡು” ಅನ್ನುತ್ತೇವೆ. ಕಾಣದ ಹಾಗೆ ರೊಟ್ಟಿ ಪಲ್ಯ ತಿನ್ನಿಸುತ್ತೇವೆ, ಕೇಳಿದರೆ ಇಲ್ಲ ಅನ್ನುತ್ತೇವೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆಯ ಎರಡೂ ಅರ್ಧ ದವಾಖಾನೆಯಲ್ಲಿಯೇ ಉಪಯೋಗಕ್ಕೆ ಬರುವುದು.

ದವಾಖಾನೆಯವರಿಗೂ ನನ್ನದೊಂದು ಕೈಮುಗಿದ ವಿನಂತಿ ಇದೆ. ಮಂಚಕ್ಕೆ ತೂಗುಹಾಕುವ ಚೀಟಿಯಲ್ಲಿ ಇಂಗ್ಲಿಷಿನ ಕೆಳಗೆ ಕನ್ನಡದಲ್ಲೊಂದು ಸಾಲು, ನಮ್ಮ ಗಡಿಯಲ್ಲಾದರೆ ಮರಾಠಿಯಲ್ಲೊಂದು ಸಾಲು ಬರೆಯಿಸಿರಿ: ‘ಅನ್ನ, ಹಾಲು, ಚಾ ಏನೂ ಕೊಡಬೇಡಿರಿ.’ ಒಂದು ರಟ್ಟಿನ ಖರ್ಚು ಅಷ್ಟೇ.

ದವಾಖಾನೆಯ ಚೀಲದಲ್ಲೊಂದು ವಹಿ

ತಟ್ಟೆ, ಲೋಟ, ಥರ್ಮಾಸು, ಚಾದರ ಕಟ್ಟಿಕೊಳ್ಳುವಾಗ ಒಂದು ಸಣ್ಣ ವಹಿ, ಒಂದು ಪೆನ್ನು ಮರೆಯಬೇಡಿ. ನಾನು ಈಗ ಹೀಗೆ ಮಾಡುತ್ತೇನೆ.

1. ಮೊದಲ ಪುಟದಲ್ಲಿ: ರೋಗಿಯ ವಯಸ್ಸು, ಹಿಂದಿನ ಬೇನೆಗಳು, ಈಗ ನುಂಗುವ ಗುಳಿಗೆಗಳು, ಯಾವ ಔಷಧ ಆಗಿಬರುವುದಿಲ್ಲ, ತಂಬಾಕು ಮಿಶ್ರಿಯ ರೂಢಿ. ಹಳೆಯ ಗುಳಿಗೆಯ ಚೀಟಿಗಳನ್ನೂ ಕಟ್ಟಿಕೊಂಡು ಹೋಗಿ.

2. ಮಾತಾಡಲು ಮನೆಯವರಲ್ಲಿ ಒಬ್ಬರನ್ನೇ ಗೊತ್ತುಮಾಡಿ. ಡಾಕ್ಟರು ಎಷ್ಟು ಹೊತ್ತಿಗೆ ಬರುತ್ತಾರೆ ಅಂತ ಕೇಳಿಕೊಂಡು, ಆ ಹೊತ್ತಿಗೆ ಅವರು ಅಲ್ಲಿಯೇ ಇರಲಿ. ಉಳಿದವರು ಅವರನ್ನು ಕೇಳಿ ತಿಳಿಯಲಿ.

3. ರಾತ್ರಿ ಮಲಗುವ ಮೊದಲು ಮೂರು ಪ್ರಶ್ನೆ ಬರೆದಿಡಿ, ಮುಖ್ಯವಾದದ್ದು ಮೇಲೆ. ಡಾಕ್ಟರು ಎದುರಿಗೆ ನಿಂತಾಗ ತಲೆ ಖಾಲಿಯಾಗುತ್ತದೆ, ವಹಿ ಖಾಲಿಯಾಗುವುದಿಲ್ಲ.

4. ನೋವು ಎಲ್ಲಿ, ಎಷ್ಟು ಹೊತ್ತಿನಿಂದ, ಹೇಗೆ ಅಂತ ಹೇಳಿ. ‘ಆರಾಮಿಲ್ಲ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಚುಚ್ಚುತ್ತದೆಯೊ, ಉರಿಯುತ್ತದೆಯೊ, ಹಿಂಡುತ್ತದೆಯೊ?

5. ನಾಚಿಕೆಯ ಮಾತಿದ್ದರೆ, “ಸಿಸ್ಟರ್, ನಿಮ್ಮ ಕೂಡ ಒಂದ್ ಮಾತೈತ್ರಿ” ಅಂತ ಪಕ್ಕಕ್ಕೆ ಕರೆಯಿರಿ.

6. ಸರಕಾರದ ಯೋಜನೆಯಲ್ಲಿ ಉಪಚಾರ ಆಗುವುದಾದರೆ ದವಾಖಾನೆಯಲ್ಲಿ ಆರೋಗ್ಯಮಿತ್ರ ಅನ್ನುವವರು ಇರುತ್ತಾರೆ. ಕಾರ್ಡಿನ, ಖರ್ಚಿನ ಪ್ರಶ್ನೆ ಅವರನ್ನು ಕೇಳಿ. ಅವರಿರುವುದೇ ಅದಕ್ಕೆ.

7. ಬಿಡುಗಡೆಯ ದಿನ ಕೇಳಿ ಬರೆದುಕೊಳ್ಳಿ: ಯಾವ ಗುಳಿಗೆ ಯಾತಕ್ಕೆ, ಎಷ್ಟು ದಿನ, ಏನು ಉಣ್ಣಬೇಕು, ಎಷ್ಟು ದಿನ ಭಾರ ಎತ್ತಬಾರದು, ಏನಾದರೆ ಕೂಡಲೆ ಓಡಿ ಬರಬೇಕು, ಮತ್ತೆ ಯಾವಾಗ ತೋರಿಸಬೇಕು. ಗುಳಿಗೆಯ ಪಾಕೀಟಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದರೆ ಓದು ಬಾರದವರಿಗೂ ತಿಳಿಯುತ್ತದೆ.

8. ಕಾಗದಪತ್ರ ಎಲ್ಲ ಕೇಳಿ ಪಡೆಯಿರಿ. ರೋಗಿಯ ದಾಖಲೆಗಳನ್ನು ಕೇಳಿದ 72 ತಾಸಿನೊಳಗೆ ಕೊಡಬೇಕು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮವೇ ಇದೆ.

ಪ್ರತಿಯೊಂದು ಮಾತಿಗೂ, ತಂಗಿಯರೆ, ‘ಹ್ಞೂಂ’ ಅನ್ನುವ ಮೊದಲು ತಿರುಗಿ ಹೇಳಿ.

ಅತ್ತೆಯವರು ಈಗ ಗಟ್ಟಿಯಾಗಿದ್ದಾರೆ. ಹೋದ ವಾರ ಹೊಲಿಗೆಯ ಜಾಗ ತೋರಿಸಲು ಕರೆದುಕೊಂಡು ಹೋದಾಗ ಡಾಕ್ಟರು ಏನೋ ಹೇಳಿ, “ಗೊತ್ತಾಯ್ತಾ ಅಜ್ಜಿ?” ಅಂದರು. ನಾನು ‘ಹ್ಞೂಂ’ ಅನ್ನುವಷ್ಟರಲ್ಲಿ ಅತ್ತೆಯವರು ಕೈ ಎತ್ತಿ ನನ್ನನ್ನು ತಡೆದರು. “ನಿಂದರು ತಂಗಿ. ಸಾಹೇಬ್ರ, ನಾ ಹೇಳ್ತೀನಿ ಕೇಳ್ರಿ, ಖರೆ ಐತೇನು ನೋಡ್ರಿ” ಅಂತ ಬೆರಳು ಎಣಿಸುತ್ತ ಒಂದೊಂದೇ ಹೇಳಿದರು. ನಾಲ್ಕು ಮಾತಿನಲ್ಲಿ ಒಂದು ತಪ್ಪಾಗಿತ್ತು. ಡಾಕ್ಟರು ಕುರ್ಚಿ ಎಳೆದುಕೊಂಡು ಕೂತು ಅದನ್ನು ಮತ್ತೆ ಹೇಳಿದರು.

ಅಥಣಿಯ ಸೋದರಿ, ನಿಮ್ಮ ಮನೆಯವರ ಬಿಡುಗಡೆಯ ಕಾಗದ ಇನ್ನೂ ಮನೆಯಲ್ಲಿ ಇದ್ದೀತು. ಅದನ್ನು ತೆಗೆದುಕೊಂಡು ನಿಮ್ಮ ಹತ್ತಿರದ ಸರಕಾರಿ ದವಾಖಾನೆಗೆ ಹೋಗಿ, “ಇದರಾಗ ಏನ ಬರದೈತಿ, ನಮ್ಮ ಮಾತಿನಾಗ ಹೇಳ್ರಿ” ಅಂತ ಕೇಳಿ. ಕೇಳುವುದಕ್ಕೆ ತಡ ಅನ್ನುವುದಿಲ್ಲ. ಅವರು ಏನು ಹೇಳಿದರು ಅಂತ ನನಗೆ ತಿರುಗಿ ಬರೆಯಿರಿ. ಮುಂದಿನ ಸಲ, ಬೇನೆಯಿಂದ ಎದ್ದವರಿಗೆ ಮಾಡಿಕೊಡುವ ಗಂಜಿ ಮತ್ತು ಹೆಸರುಬೇಳೆಯ ತಿಳಿಸಾರುಗಳೊಂದಿಗೆ ಭೇಟಿಯಾಗೋಣ.